ದೇವರ ತಟ್ಟೆ ಮತ್ತು ಹದಿನಾಲ್ಕು ಹಲಗೆ

ನಮ್ಮ ಬಂದರಿನಲ್ಲಿ ನೀರಿಲ್ಲ. ಕೆಂಗಲ್ ಆಂಜನೇಯನ ಗುಡಿ ದಾಟಿ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಅರವತ್ತು ಎಕರೆ ಕಾಂಕ್ರೀಟು, ಅದರ ಮೇಲೆ ಐದಂತಸ್ತಿಗೆ ಪೇರಿಸಿದ ಕಂಟೇನರುಗಳು, ಅವನ್ನು ಎತ್ತಿ ಇಳಿಸುವ ನಾಲ್ಕು ಯಂತ್ರಗಳು, ಇಷ್ಟೇ. ಸಮುದ್ರದ ಬಂದರಿಗೆ ಹೋಗಬೇಕಾದ ಸರಕು ಇಲ್ಲೇ ಪೆಟ್ಟಿಗೆ ಸೇರಿ, ಇಲ್ಲೇ ತಪಾಸಣೆ ಮುಗಿಸಿ, ಸೀಲು ಹಾಕಿಸಿಕೊಂಡು ಹೊರಡುತ್ತದೆ. ಅಲ್ಲಿಂದ ಬಂದದ್ದು ಇಲ್ಲಿ ಬಾಗಿಲು ತೆರೆಯುತ್ತದೆ. ಒಣ ಬಂದರು ಎನ್ನುತ್ತಾರೆ. ನಾನು ಇಲ್ಲಿಗೆ ಮುಖ್ಯಸ್ಥನಾಗಿ ಬಂದ ವಾರ ದೊಡ್ಡವ್ವ ಫೋನಿನಲ್ಲಿ ಹಡಗು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ಹಡಗೇ ಇಲ್ಲ ಎಂದೆ. ಎಂಟನೇ ಕ್ಲಾಸಿನಲ್ಲಿ ಗಣಿತದ ಪೇಪರು ಕಳೆದುಹೋಯಿತು ಎಂದು ನಾನು ಹೇಳಿದಾಗ ಎಷ್ಟು ನಂಬಿದ್ದಳೋ ಇದನ್ನೂ ಅಷ್ಟೇ ನಂಬಿದಳು.

ಇದಕ್ಕೆ ಮೊದಲು ಇಪ್ಪತ್ತೆರಡು ವರ್ಷ ನಾನು ಪಶ್ಚಿಮ ಕರಾವಳಿಯ ಒಂದು ದೊಡ್ಡ ಕಂಟೇನರ್ ಬಂದರಿನ ಪರಿಸರ ವಿಭಾಗದಲ್ಲಿದ್ದೆ. ಹಡಗು ಬಿಡುವ ಹೊಗೆ ಅಳೆಯುವುದು, ಹಡಗು ನಿಲ್ಲುವ ಧಕ್ಕೆಯ ನೀರಿಗೆ ಎಣ್ಣೆ ಬಿದ್ದರೆ ಯಾವ ಹಡಗಿನದೆಂದು ಹಿಡಿಯುವುದು, ಯಾವ ದೇಶದ ಯಾವ ಹುಳು ಮರದ ಪೆಟ್ಟಿಗೆಯಲ್ಲಿ ಕೂತು ಬಂದಿದೆ ಎಂದು ಹುಡುಕಿ ವಿಷದ ಹೊಗೆ ಹಾಕಿಸುವುದು. ಕೆಲಸದಲ್ಲಿ ನಾನು ಗಟ್ಟಿಗ. ನನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಗೇಟು ದಾಟುವುದಿಲ್ಲ ಎಂದು ಕೈಕೆಳಗಿನವರಿಗೆ ಹೇಳಿಕೊಂಡು ಓಡಾಡುತ್ತಿದ್ದೆ. ಆ ಮಾತು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ ಮಾರಕ್ಕ, ಗುಡೇಮಾರನಹಳ್ಳಿಯವಳು. ನಾಲ್ಕನೇ ಕ್ಲಾಸಿನಿಂದ ಪಿಯುಸಿವರೆಗೆ ನಾನು ಅವಳ ಮನೆಯಲ್ಲಿ ಬೆಳೆದೆ. ನಮ್ಮೂರಿಗೆ ಬಸ್ಸಿರಲಿಲ್ಲ, ಅಲ್ಲಿಂದ ಮಾಗಡಿಗೆ ಇತ್ತು, ಬೇರೆ ಕಾರಣವೇನಿಲ್ಲ. ಆದರೆ ಒಂದೆರಡು ವರ್ಷ ಕಳೆಯುವುದರೊಳಗೆ ಹೆತ್ತವ್ವನ ಮನೆಗೆ ನಾನು ಹಬ್ಬದ ನೆಂಟನಾಗಿದ್ದೆ. ಜ್ವರ ಬಂದರೆ ಬಾಯಿಗೆ ಬರುತ್ತಿದ್ದದ್ದು ದೊಡ್ಡವ್ವನ ಹೆಸರು.

ಅವಳು ರೇಷ್ಮೆ ಸಾಕುವವಳು. ಹಿತ್ತಿಲಲ್ಲಿ ಸುಣ್ಣ ಬಳಿದ ಉದ್ದನೆಯ ಹುಳುಮನೆ, ಅದರಾಚೆ ಒಂದೂವರೆ ಎಕರೆ ಹಿಪ್ಪುನೇರಳೆ. ಹುಳುಮನೆಗೆ ಹೋಗುವುದೆಂದರೆ ಸುಮ್ಮನೆ ಅಲ್ಲ. ಸ್ನಾನವಾಗಿರಬೇಕು, ತಲೆಗೆ ಎಣ್ಣೆ ಇರಬಾರದು, ಹೂವು ಮುಡಿದಿರಬಾರದು, ಊದುಬತ್ತಿ ಹಚ್ಚಿದ ಕೋಣೆಯಿಂದ ನೇರವಾಗಿ ಬಂದಿರಬಾರದು. ಯಾರೇ ಬರಲಿ, ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು ಅವರ ಅಂಗಿಗೆ ಮೂಗು ತಂದು ಒಂದು ಸಲ ಮೂಸುತ್ತಿದ್ದಳು. ರೇಷ್ಮೆ ಇಲಾಖೆಯ ಅಧಿಕಾರಿಯನ್ನೂ ಮೂಸಿ, ಪೌಡರು ಹಾಕಿಕೊಂಡಿದ್ದೀರಿ ಎಂದು ವಾಪಸು ಕಳಿಸಿದ್ದಳು. ನಾನು ಪಿಯುಸಿಯಲ್ಲಿ ಸೇದಿದ ಮೊದಲ ಬೀಡಿ, ಕೆರೆ ಏರಿಯ ಮೇಲೆ ಸೇದಿ, ಸೀಬೆ ಎಲೆ ಅಗಿದು, ಕೈ ತೊಳೆದು ಬಂದಿದ್ದೆ. ಬಾಗಿಲಲ್ಲೇ ಸಿಕ್ಕಿಬಿದ್ದೆ. ಹೊಡೆಯಲಿಲ್ಲ. "ಹುಳಕ್ಕೆ ಬಾಯಿಲ್ಲ ಮಗ, ಅದ್ರ ಪರವಾಗಿ ನಾವೇ ಮೂಸ್ಬೇಕು," ಎಂದಳು. ಆಮೇಲೆ ನಾನು ಬೀಡಿ ಮುಟ್ಟಲಿಲ್ಲ.

ಊರಿನಲ್ಲಿ ಅವಳಿಗೆ ಇನ್ನೊಂದು ಮರ್ಯಾದೆಯಿತ್ತು. ಮಾರಕ್ಕನ ಕೈಗುಣ ಎಂದು ಹೇಳುತ್ತಿದ್ದರು. ಈಗೆಲ್ಲ ಎಳೆಯ ಮರಿಗಳನ್ನು, ಮೊಟ್ಟೆಯೊಡೆಸಿ ಸಾಕಿಕೊಡುವ ಚಾಕಿ ಕೇಂದ್ರದಿಂದ ತರುತ್ತಾರೆ. ತಂದ ದಿನ ಅವಕ್ಕೆ ಮೊದಲ ಸೊಪ್ಪು ಹಾಕಲು ಮಾತ್ರ ಮಾರಕ್ಕನೇ ಬರಬೇಕು. ಪಕ್ಕದ ತೋಟದ ಬೈರಪ್ಪ ಅವಳಿಗಾಗಿ ಮರಿಗಳನ್ನು ಒಂದು ಹೊತ್ತು ಉಪವಾಸ ಕೆಡವಿದ್ದೂ ಉಂಟು. ಅವಳು ಕರೆದ ಮನೆಗೆಲ್ಲ ಹೋಗಿ, ಒಂದು ಹಿಡಿ ಸೊಪ್ಪು ಉದುರಿಸಿ, ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದಳು. ಹಾಗೆ ಹೋಗುವಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು.

ದೇವರ ತಟ್ಟೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಪ್ರತಿ ಬೆಳೆಯಲ್ಲೂ ಅವಳು ಒಂದು ಹಿಡಿ ಹುಳುಗಳನ್ನು ಬೇರೆ ತೆಗೆದು, ಕಿಟಕಿ ಪಕ್ಕದ ಮುಕ್ಕಾಲಿಯ ಮೇಲೆ, ಅವಳತ್ತೆಯ ಕಾಲದ ಬಿದಿರಿನ ತಟ್ಟೆಯಲ್ಲಿ ಸಾಕುತ್ತಾಳೆ. ಆ ಗೂಡು ಮಾರುವಂತಿಲ್ಲ. ಒಣಗಿಸಿ, ದಾರಕ್ಕೆ ಪೋಣಿಸಿ ದೇವರ ಕೋಣೆಯ ಬಾಗಿಲಿಗೆ ಕಟ್ಟುತ್ತಾಳೆ. ಊರಲ್ಲಿ ಬೇರೆ ಯಾರೂ ಹೀಗೆ ಮಾಡುವುದಿಲ್ಲ. ಅವಳತ್ತೆ ಮಾಡುತ್ತಿದ್ದಳು, ಇವಳೂ ಮಾಡುತ್ತಾಳೆ.

ಕರಾವಳಿಯಿಂದ ವಾಪಸು ಬಂದ ಮೇಲೆ ನಾನು ಪ್ರತಿ ಭಾನುವಾರ ಗುಡೇಮಾರನಹಳ್ಳಿಗೆ ಹೋಗತೊಡಗಿದೆ. ಹುಳುಮನೆಯ ಬಿದಿರಿನ ಸ್ಟ್ಯಾಂಡುಗಳಿಗೆ ಗೆದ್ದಲು ಹಿಡಿದಿತ್ತು. ದೊಡ್ಡವ್ವನ ಸೊಸೆ ಶ್ವೇತ ಹೊಸದು ಮಾಡಿಸೋಣ ಎಂದಾಗಲೆಲ್ಲ ದೊಡ್ಡವ್ವ ಮುಂದಿನ ಬೆಳೆಗೆ ನೋಡೋಣ ಎನ್ನುತ್ತಿದ್ದಳು. ಅವಳಿಗೆ ನಾನು ಏನಾದರೂ ಮಾಡಿಕೊಡಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಸೀರೆ ತಂದರೆ ಪೆಟ್ಟಿಗೆಗೆ ಹಾಕುತ್ತಾಳೆ, ಹಣ್ಣು ತಂದರೆ ಅಕ್ಕಪಕ್ಕದವರಿಗೆ ಹಂಚುತ್ತಾಳೆ. ಹುಳುಮನೆಗೆ ಸ್ಟ್ಯಾಂಡು ಮಾಡಿಸಿಕೊಟ್ಟರೆ ದಿನಾ ಬಳಸುತ್ತಾಳೆ ಎಂದುಕೊಂಡೆ.

ನಮ್ಮ ಬಂದರಿನ ಯಾರ್ಡಿನಲ್ಲಿ ಹಲಗೆಗೆ ಬರವಿಲ್ಲ. ಸಮುದ್ರ ದಾಟಿ ಬರುವ ಸರಕು ಪೆಟ್ಟಿಗೆಯೊಳಗೆ ಅಲುಗಾಡದಿರಲೆಂದು ಸಂದಿಗೆ ದಪ್ಪ ಹಲಗೆ ಕೊಟ್ಟಿರುತ್ತಾರೆ. ಅದಕ್ಕೆ ಗೋಧಿ ತೆನೆಯ ಮುದ್ರೆ ಇರುತ್ತದೆ. ಮರವನ್ನು ಕಾಯಿಸಿ ಒಳಗಿನ ಕೀಟ ಕೊಂದಿದ್ದಾರೆ ಎಂದು ಅದರ ಅರ್ಥ. ಸರಕು ಇಳಿದ ಮೇಲೆ ಹಲಗೆ ಕಸ. ಆದರೂ ಯಾರ್ಡಿನ ಒಂದು ಚೂರು ಮರವೂ ಗೇಟು ದಾಟಿ ಊರು ಸೇರಬಾರದು ಎಂಬ ನಿಯಮವಿದೆ. ಅದನ್ನು ಬರೆದವನು ನಾನೇ. ಒಂದು ಶನಿವಾರ ಹದಿನಾಲ್ಕು ಹಲಗೆಗೆ ಗೇಟ್ ಪಾಸು ಬರೆದು ಸಹಿ ಹಾಕಿದವನೂ ನಾನೇ. ದೊಡ್ಡವ್ವನಿಗೆ ಅಲ್ಲವೇ, ಎಂದು ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡೆ.

ಚನ್ನಪಟ್ಟಣದ ವಹಾಬ್ ಸಾಬರ ಹತ್ತಿರ ಕೊಯ್ಯಿಸಿದೆ. ಅವರು ಮೂವತ್ತು ವರ್ಷ ಬೊಂಬೆ ಕಡೆದವರು, ಈಗ ಬಡಗಿ ಕೆಲಸವನ್ನೂ ಮಾಡುತ್ತಾರೆ. ಒಂದು ಹಲಗೆ ಎತ್ತಿ ಮೂಗಿನ ಹತ್ತಿರ ಹಿಡಿದು, "ಸಾರ್, ಈ ಮರ ಒಂಥರಾ ವಾಸ್ನೆ ಬತ್ತೈತೆ. ಮರದ್ದಲ್ಲ ಇದು," ಎಂದರು. ನಾನು ನಕ್ಕು ಮುದ್ರೆ ತೋರಿಸಿದೆ. ಇದು ಜಗತ್ತೇ ಒಪ್ಪಿದ ಗುರುತು ಸಾಬರೇ, ನಿಮ್ಮ ಮೂಗು ಒಪ್ಪದಿದ್ದರೆ ಬಿಡಿ ಎಂದೆ. ಅವರು ಸ್ಟ್ಯಾಂಡು ಮಾಡಿಕೊಟ್ಟರು. ನಾಲ್ಕಂತಸ್ತು, ನುಣುಪಾದ ಅಂಚು, ಒಂದು ಮೊಳೆಯೂ ಹೊರಗೆ ಕಾಣದ ಕೆಲಸ.

ದೊಡ್ಡವ್ವ ಅದನ್ನು ಸುತ್ತಿ ಬಂದು, ಕೈಯಲ್ಲಿ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ನಾನು ಆಫೀಸಿನ ಅಂಗಿಯಲ್ಲೇ, ಸೆಂಟು ಹಾಕಿಕೊಂಡೇ ಹುಳುಮನೆಯೊಳಗೆ ನಡೆದಿದ್ದೆ. ಅವಳು ಮೂಸಲಿಲ್ಲ. ಕೆಲವು ವರ್ಷದಿಂದ ಬಾಗಿಲಲ್ಲಿ ಮೂಸುವುದನ್ನು ಬಿಟ್ಟಿದ್ದಳು. ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದುಕೊಂಡೆ.

ಮೊದಲ ಬೆಳೆ ಅಕ್ಟೋಬರಿನಲ್ಲಿ ಹೋಯಿತು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೂರನೇ ಜ್ವರ ಎದ್ದ ಹುಳುಗಳನ್ನು ಹೊಸ ಸ್ಟ್ಯಾಂಡಿಗೆ, ಕಾಗದ ಹಾಸಿ ಬಿಟ್ಟಿದ್ದರು. ಎರಡು ದಿನಕ್ಕೆ ತಲೆ ಎತ್ತಿ ಆಡಿಸತೊಡಗಿ, ಬಾಯಲ್ಲಿ ನೀರು ಬಿಟ್ಟು, ಮುದುಡಿ ಸತ್ತವು. ಮಳೆಗೆ ನೆನೆದ ಸೊಪ್ಪು ಹಾಕಿದ್ದೇ ಕಾರಣ ಎಂದು ಎಲ್ಲರೂ ಅಂದುಕೊಂಡರು. ಮನೆ ತೊಳೆದು, ಸುಣ್ಣ ಬಳಿದು, ಡಿಸೆಂಬರಿನಲ್ಲಿ ಎರಡನೇ ಬೆಳೆ ಕಟ್ಟಿದರು. ಅದೂ ಹೋಯಿತು. ಈ ಸಲ ಸೊಪ್ಪು ಒಣಗಿತ್ತು, ಬಿಸಿಲು ಹದವಾಗಿತ್ತು, ಅದೇ ಕೇಂದ್ರದ ಅದೇ ದಿನದ ಮರಿ ತಂದಿದ್ದ ಬೈರಪ್ಪನ ಮನೆಯಲ್ಲಿ ಹುಳುಗಳು ಚೆನ್ನಾಗಿ ಸೊಪ್ಪು ತಿಂದು ಬೆಳೆಯುತ್ತಿದ್ದವು. ಆ ಸಲ ಬೈರಪ್ಪ ಮೊದಲ ಸೊಪ್ಪಿಗೆ ದೊಡ್ಡವ್ವನನ್ನು ಕರೆದಿರಲಿಲ್ಲ. ಹೆಂಡತಿಯ ಕೈಯಲ್ಲೇ ಹಾಕಿಸಿದ್ದ.

ಸುದ್ದಿ ತಿಳಿದ ಭಾನುವಾರ ನಾನು ಹೋದಾಗ ಶ್ವೇತ ಸತ್ತ ಹುಳುಗಳನ್ನು ಗುಂಡಿಗೆ ಹಾಕಿ ಸುಣ್ಣ ಮುಚ್ಚುತ್ತಿದ್ದಳು. ಅತ್ತೆ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದಳು. ದೊಡ್ಡವ್ವ ಹುಳುಮನೆಯ ಹೊಸ್ತಿಲ ಹೊರಗೆ ಕೂತಿದ್ದಳು. ಒಳಗೆ ಕಾಲಿಡುವುದಿಲ್ಲವಂತೆ. ನಾನು ಪಕ್ಕದಲ್ಲಿ ಕೂತೆ. ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಯಾರದೋ ಸಾಮಾನು ನೋಡುವಂತೆ ಅವನ್ನೇ ನೋಡುತ್ತಿದ್ದಳು.

"ಕೈಗುಣ ಹೊಂಟೋಯ್ತು ಕಣ್ ಮಗ," ಎಂದಳು. "ಬಾಯಿಲ್ಲದ ಜೀವ, ನನ್ನ ಕೈ ಸೋಕಿದ್ದೆಲ್ಲ ಸತ್ತೋದೊ. ಒಳಗೆ ಓಗಿ ನೋಡು, ದೇವರ ತಟ್ಟೆದು ಎಂಗವೆ. ದೇವರದ್ದು ಬದುಕ್ತು, ನಂದು ಸತ್ತೋಯ್ತು. ಇನ್ನೇನ್ ಬೇಕು ಹೇಳಾಕೆ?"

ಇನ್ನು ತಾನು ಹುಳು ಮುಟ್ಟುವುದಿಲ್ಲ, ಶ್ವೇತ ಬೇಕಾದರೆ ಮಾಡಿಕೊಳ್ಳಲಿ ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಾನು ಒಳಗೆ ಹೋದೆ. ಕಿಟಕಿ ಪಕ್ಕದ ಮುಕ್ಕಾಲಿಯ ಮೇಲೆ, ಹಳೆಯ ಬಿದಿರಿನ ತಟ್ಟೆಯಲ್ಲಿ ಹುಳುಗಳು ಬೆರಳುದ್ದ ಬೆಳೆದು, ಸೊಪ್ಪು ತಿನ್ನುವ ಸಣ್ಣ ಸದ್ದು ಮಾಡುತ್ತಿದ್ದವು. ನಾಲ್ಕು ಹೆಜ್ಜೆ ಆಚೆ ನನ್ನ ಸ್ಟ್ಯಾಂಡು ಖಾಲಿ ನಿಂತಿತ್ತು. ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಇದೇ ಕೆಲಸ: ಒಂದು ಕಡೆ ಮೀನು ಸತ್ತಿದೆ, ಇನ್ನೊಂದು ಕಡೆ ಬದುಕಿದೆ, ನಡುವೆ ಏನು ವ್ಯತ್ಯಾಸ. ಅದೇ ಕೋಣೆ, ಅದೇ ಸೊಪ್ಪು, ಅದೇ ಕೈ. ವ್ಯತ್ಯಾಸ ನನ್ನೆದುರೇ ನಾಲ್ಕಂತಸ್ತಿನದು ನಿಂತಿತ್ತು. ಕಾಗದ ಎತ್ತಿದೆ. ಸುಣ್ಣದ ತೆಳು ಪದರದ ಕೆಳಗೆ ಹಲಗೆಯ ಉದ್ದಕ್ಕೂ ಕಂದು ಬಣ್ಣದ ಒಂದು ಕಲೆ ಇಳಿದಿತ್ತು. ಬಗ್ಗಿ ಮೂಗಿಟ್ಟೆ. ವಹಾಬ್ ಸಾಬರು ಹೇಳಿದ್ದು ನಿಜ, ಅದು ಮರದ ವಾಸನೆಯಲ್ಲ. ನಾನು ಮುದ್ರೆ ನೋಡಿದ್ದೆ, ಒಂದು ಸಲವೂ ಮೂಸಿ ನೋಡಿರಲಿಲ್ಲ.

ಆ ಹೊತ್ತಿಗೆ ಅವಳಿಗೆ ಏನೂ ಹೇಳಲಿಲ್ಲ. ಖಾತ್ರಿ ಮಾಡಿಕೊಂಡು ಹೇಳುತ್ತೇನೆ ಎಂಬುದು ನೆಪ. ನಿಜ ಹೇಳಬೇಕೆಂದರೆ ಧೈರ್ಯ ಬರಲಿಲ್ಲ. ಒಂದು ಹಲಗೆಯ ತುದಿಯನ್ನು ಕೊಯ್ದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ಸೋಮವಾರ ಬೆಳಗ್ಗೆ ಯಾರ್ಡಿನ ಪರಿಸರ ಅಧಿಕಾರಿ ಧನುಶ್ರೀಯನ್ನು ಕರೆದು, ಸೆಪ್ಟೆಂಬರಿನಲ್ಲಿ ಆರನೇ ಶೆಡ್ಡಿನ ಪಕ್ಕ ಇದ್ದ ಹಲಗೆಗಳು ಯಾವ ಪೆಟ್ಟಿಗೆಯವು ಎಂದು ಕೇಳಿದೆ. ಅವಳು ಇಪ್ಪತ್ತಾರರ ಹುಡುಗಿ, ಕನಕಪುರದವಳು, ನನ್ನ ಬೈಗುಳ ತಿಂದು ಕೆಲಸ ಕಲಿತವಳು. ರಿಜಿಸ್ಟರು ನೋಡಬೇಕಾಗಿಯೇ ಬರಲಿಲ್ಲ. ಫೋನು ತೆಗೆದು ನನಗೇ ಕಳಿಸಿದ್ದ ಒಂದು ಸಂದೇಶ ತೋರಿಸಿದಳು. ಆ ಪೆಟ್ಟಿಗೆಯಲ್ಲಿ ಹಿಂದಿನ ಸಲ ಕೀಟನಾಶಕದ ಡ್ರಮ್ಮು ಸೋರಿದೆ, ನೆಲ ಸರಿಯಾಗಿ ತೊಳೆದಿಲ್ಲ, ಹಲಗೆಗಳೂ ಹೀರಿಕೊಂಡಿವೆ, ಶೆಡ್ಡಿನ ಪಕ್ಕ ಉಳಿದಿರುವವನ್ನು ವಿಷದ ಕಸ ಎಂದು ಬೇರೆ ಇಡಿಸಿದ್ದೇನೆ ಎಂದು ಬರೆದಿದ್ದಳು. ನಾನು ಹಲಗೆ ಸಾಗಿಸಿದ ಶನಿವಾರದ ಮುಂದಿನ ಸೋಮವಾರದ ಸಂದೇಶ. ಅದರ ಕೆಳಗೆ ನನ್ನ ಉತ್ತರವೂ ಇತ್ತು. ಹೆಬ್ಬೆರಳಿನ ಒಂದು ಚಿತ್ರ. ಓದದೆ ಒತ್ತಿದ್ದೆ.

ನಾನು ಚೀಲವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ನನ್ನ ಮುಖ ನೋಡದೆ, ಘಟನೆಯ ವರದಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದಳು. ನಾನೇ ಬರೆಯುತ್ತೇನೆ ಎಂದೆ. ಬರೆದು ಮೇಲಿನವರಿಗೆ ಕಳಿಸಿದೆ. ಅವರು ಕೊಟ್ಟ ಎಚ್ಚರಿಕೆ ಪತ್ರ ಈಗಲೂ ನನ್ನ ಫೈಲಿನಲ್ಲಿದೆ. ಅದು ನನ್ನನ್ನು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಮಡಿಲಲ್ಲಿ ಮೇಲ್ಮುಖವಾಗಿದ್ದ ಆ ಎರಡು ಅಂಗೈ.

ಮಂಗಳವಾರ ರಜೆ ಹಾಕಿ ಬೆಳಗ್ಗೆಯೇ ಊರಿಗೆ ಹೋದೆ. ದೊಡ್ಡವ್ವ ಹಿತ್ತಿಲ ಬಿಸಿಲಿನಲ್ಲಿ ಮೊರ ಹಿಡಿದು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಎದುರಿಗೆ ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. ಹಲಗೆ ಎಲ್ಲಿಂದ ಬಂತು, ಅದರಲ್ಲಿ ಏನಿತ್ತು, ಸಾಬರು ಹೇಳಿದ್ದು, ನಾನು ನಕ್ಕಿದ್ದು, ಹುಡುಗಿ ಬರೆದದ್ದು, ನಾನು ಓದದೇ ಹೋದದ್ದು, ಹಿಂದುಮುಂದಾಗಿ ಹೇಳಿದೆ. ಅವಳ ಕೈ ಸುಲಿಯುತ್ತಲೇ ಇತ್ತು.

"ಎರಡು ಬೆಳೆ ಕೊಂದಿದ್ದು ನಾನು ದೊಡ್ಡವ್ವ," ಎಂದೆ. "ನಿನ್ನ ಕೈಯಲ್ಲ. ದೇವರ ತಟ್ಟೆಗೆ ದಿನಾ ಸೊಪ್ಪು ಹಾಕ್ತಿದ್ದೋರು ಯಾರು? ದೇವರು ಬಂದು ಹಾಕ್ತಿದ್ನಾ? ಅದೂ ನಿನ್ನ ಕೈಯೇ ಅಲ್ವಾ?"

ಕೈ ನಿಂತಿತು. ಅವಳು ಹುಳುಮನೆಯ ಕಡೆ ನೋಡಿದಳು. ಅಂಗೈಯನ್ನು ಸೀರೆಗೆ ಒರೆಸಿಕೊಂಡು, ತಿರುವಿ ನೋಡಿ, ಮತ್ತೆ ಒರೆಸಿಕೊಂಡಳು. ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಆ ಹಲಗೆ ವಾಸ್ನೆ ಬತ್ತಿತ್ತಾ?" ಎಂದು ಕೇಳಿದಳು.

ಬರುತ್ತಿತ್ತು ಎಂದೆ. ಮೂಗಿಟ್ಟು ನೋಡಿದರೆ ಚೆನ್ನಾಗಿಯೇ ಬರುತ್ತಿತ್ತು. ಆಗಲೇ ನನಗೂ ಹೊಳೆದದ್ದು. ಕೆರೆ ಏರಿಯ ಬೀಡಿ ಹಿಡಿದವಳು ದಿನಕ್ಕೆ ನಾಲ್ಕು ಸಲ ಆ ಹಲಗೆಗಳ ಮೇಲೆ ಬಗ್ಗಿದ್ದಾಳೆ. ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಶ್ವೇತ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು. "ನಂಗೆ ಮೂಗೇ ಇಲ್ಲ ಕಣ್ ಮಗ. ಊರಿಗೆಲ್ಲ ಮೂಗು ಬಾಯಿಗೆ ಬಟ್ಟೆ ಕಟ್ಸಿದ್ ಆ ಜ್ವರ ಬಂದಿತ್ತಲ್ಲ, ಅವತ್ತಿಂದ ಏನೂ ತಿಳಿಯಾಕಿಲ್ಲ. ಸಾರು ಸೀದೋದ್ರೂ ತಿಳಿಯಾಕಿಲ್ಲ. ಒಸಿ ದಿನಕ್ಕೆ ಬತ್ತದೆ ಅಂದ್ಕಂಡೆ, ಬರ್ಲೇ ಇಲ್ಲ. ಮೂಗಿಲ್ದೋಳ್ನ ಹುಳಮನೆಗೆ ಯಾರು ಬುಡ್ತಾರೆ? ಅದ್ಕೆ ಯಾರ್ಗೂ ಹೇಳ್ಲಿಲ್ಲ."

ಆ ಜ್ವರ ಬಂದು ನಾಲ್ಕು ವರ್ಷ. ನಾಲ್ಕು ವರ್ಷ ಅವಳು ಸೊಪ್ಪಿನ ಬಣ್ಣ ನೋಡಿ, ಹುಳು ತಿನ್ನುವ ಸದ್ದು ಕೇಳಿ, ಬೆರಳಲ್ಲಿ ಮುಟ್ಟಿ, ಬರೀ ಅಷ್ಟರಲ್ಲೇ ಬೆಳೆ ಮೇಲೆ ಬೆಳೆ ತೆಗೆದಿದ್ದಳು. ಬಾಗಿಲಲ್ಲಿ ಮೂಸುವುದನ್ನು ಬಿಟ್ಟದ್ದು ಮೆತ್ತಗಾಗಿ ಅಲ್ಲ. ಮೂಸಿದಂತೆ ನಟಿಸುವುದು ಅವಳಿಗೆ ಆಗದೆ ಹೋಗಿತ್ತು. ಅವಳಿಗೆ ಕಾಣದ್ದನ್ನು ಕಾಣಬೇಕಾಗಿದ್ದವನು ನಾನು, ನಾನು ಸೆಂಟು ಹಾಕಿಕೊಂಡು ಬಂದು ವಿಷ ಇಟ್ಟು ಹೋಗಿದ್ದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಐವತ್ತೊಂದು ವರ್ಷದವನು ಅವರೆಕಾಯಿ ಮೊರದ ಮುಂದೆ ಕೂತು ಅಳುವುದನ್ನು ಬೇಲಿಯ ಆಚೆಯಿಂದ ಬೈರಪ್ಪನ ಹಸು ನೋಡುತ್ತಿತ್ತು.

ದೊಡ್ಡವ್ವ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. "ಸುಮ್ಕಿರು. ನೀನೇನ್ ಬೇಕೂಂತ ಮಾಡಿದ್ಯಾ? ಚೆಂದಾಗಿರ್ಲಿ ಅಂತ ತಾನೆ ತಂದಿದ್ದು," ಎಂದಳು. ಆಮೇಲೆ ಆ ಕೈ ತೆಗೆದು ನೋಡಿಕೊಂಡು, "ಅಂಗಾದ್ರೆ ಇದು ಒಳ್ಳೆ ಕೈಯೇ," ಎಂದಳು. ನನಗೆ ಹೇಳಿದ್ದಲ್ಲ ಅದು, ಕೈಗೇ ಹೇಳಿಕೊಂಡದ್ದು.

ಹಲಗೆಯ ವಿಷಯ ಊರಿಗೆ ಹೇಳಬೇಡ, ನಿನ್ನ ಕೆಲಸಕ್ಕೆ ಕುತ್ತು ಬಂದೀತು ಎಂದು ಅವಳು ಪಟ್ಟು ಹಿಡಿದಳು. ಮೂಗಿನ ವಿಷಯ ಹೇಳುವುದಿಲ್ಲ, ಹಲಗೆಯದು ಹೇಳಿಯೇ ಹೇಳುತ್ತೇನೆ ಎಂದು ನಾನೂ ಪಟ್ಟು ಹಿಡಿದೆ. ಮರುದಿನ ಧನುಶ್ರೀ ಮುಚ್ಚಿದ ಗಾಡಿ ತಂದಳು. ಒಲೆಗೂ ಹಾಕುವಂತಿಲ್ಲದ ಮರ ಅದು, ಹೊಗೆಯೂ ವಿಷ. ಕೈಗವಸು ಹಾಕಿದ ಇಬ್ಬರು ನನ್ನ ಸ್ಟ್ಯಾಂಡನ್ನು ಬಿಚ್ಚಿ ಚೂರು ಚೂರಾಗಿ ಎಣಿಸಿ ಗಾಡಿಗೆ ಹಾಕುವಾಗ ಬೀದಿಯವರೆಲ್ಲ ನೋಡಿದರು. ನಾನು ನಡುವೆ ನಿಂತು ಕಾರಣ ಹೇಳಿದೆ. ಹೋಗುವ ಮುಂಚೆ ಧನುಶ್ರೀ ಹುಳುಮನೆಯ ಗೋಡೆ, ನೆಲ, ಕಿಟಕಿ ಎಲ್ಲ ಪರೀಕ್ಷೆ ಮಾಡಿ, ತೊಳೆಯುವ ವಿಧಾನ ಶ್ವೇತಳಿಗೆ ಹೇಳಿಕೊಟ್ಟಳು.

ಬೈರಪ್ಪನ ಮನೆಗೆ ನಾನೇ ಹೋದೆ. ಅವನು ನನಗಿಂತ ಎರಡು ವರ್ಷ ದೊಡ್ಡವನು, ಒಂದೇ ಬಸ್ಸಿನಲ್ಲಿ ಶಾಲೆಗೆ ಹೋದವರು ನಾವು. ಪೂರ್ತಿ ಕೇಳಿಸಿಕೊಂಡು, "ನೀರಿಲ್ದ ಬಂದರು ಕಟ್ಟೋರ ಬುದ್ಧಿ ಇಷ್ಟೇ ಕಣ್ಲಾ," ಎಂದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, ಅಕ್ಕನನ್ನು ಆ ಸಲ ಕರೆಯದೇ ಇದ್ದದ್ದು ತನ್ನ ಹೆಂಡತಿಗೂ ಸರಿ ಕಾಣಲಿಲ್ಲ, ದಿನಾ ಅದೇ ಮಾತು ಎಂದ.

ವಹಾಬ್ ಸಾಬರು ಬಿದಿರಿನ ಹೊಸ ಸ್ಟ್ಯಾಂಡು ಮಾಡಿಕೊಟ್ಟರು. ಒಂದೊಂದು ಗಳವನ್ನೂ ನನ್ನ ಕೈಗೆ ಕೊಟ್ಟು, ಮೂಸಿ ನೋಡಿ ಸಾರ್ ಎಂದು, ನಾನು ಮೂಸುವವರೆಗೆ ಕಾದು, ಆಮೇಲೆ ಕೆಲಸಕ್ಕೆ ತೆಗೆದುಕೊಂಡರು. ಇಪ್ಪತ್ತೆಂಟು ಗಳ. ನಾನು ಇಪ್ಪತ್ತೆಂಟನ್ನೂ ಮೂಸಿದೆ.

ಫೆಬ್ರವರಿಯ ಒಂದು ಭಾನುವಾರ ಬೈರಪ್ಪ ಮರಿ ತಂದ. ಬೆಳಗ್ಗೆಯೇ ಬಂದು ದೊಡ್ಡವ್ವನ ಜಗಲಿಯ ಮೇಲೆ ಕೂತ. ಮೊದಲ ಸೊಪ್ಪು ನಿನ್ನ ಕೈಯಲ್ಲೇ ಆಗಬೇಕು, ಬಾರಕ್ಕ ಎಂದ. ದೊಡ್ಡವ್ವ ಸ್ನಾನ ಮುಗಿಸಿ, ಒಗೆದ ಸೀರೆ ಉಟ್ಟು ಸಿದ್ಧವಾಗಿಯೇ ಇದ್ದಳು. ಆದರೂ ಏಳಲಿಲ್ಲ. ಮನೋಹರ ಬರಲಿ, ಆಮೇಲೆ ಬರುತ್ತೇನೆ ಎಂದು ನನ್ನ ಹೆಸರು ಹೇಳಿದಳು. ಬೈರಪ್ಪನಿಗೆ ಅರ್ಥವಾಗಲಿಲ್ಲ. ವಿಷ ತಂದವನನ್ನು ಕರೆದುಕೊಂಡು ಬರುತ್ತಾಳಲ್ಲ ಎಂದು ತಲೆ ಕೆರೆದುಕೊಂಡು ಮುಂದೆ ಹೋದನಂತೆ.

ನಾನು ಕೆಂಗಲ್ಲಿನಿಂದ ಬರುವಷ್ಟರಲ್ಲಿ ಹತ್ತು ಗಂಟೆ. ಸೋಪಿಲ್ಲದೆ ಬರೀ ನೀರಲ್ಲಿ ಸ್ನಾನ ಮಾಡಿ, ಸೆಂಟು ಮುಟ್ಟದೆ, ಬಿಸಿಲಲ್ಲಿ ಒಣಗಿದ ಅಂಗಿ ಹಾಕಿಕೊಂಡು ಬಂದಿದ್ದೆ. ಇಬ್ಬರೂ ಬೇಲಿ ದಾಟಿ ನಡೆದೆವು. ಬೈರಪ್ಪನ ಮನೆಯವರು ದಾರಿ ಬಿಟ್ಟು ನಿಂತರು. ಹುಳುಮನೆಯ ಹೊಸ್ತಿಲಲ್ಲಿ ದೊಡ್ಡವ್ವ ನಿಂತಳು. ನನ್ನ ತೋಳು ಹಿಡಿದು ಸ್ವಲ್ಪ ಬಗ್ಗಿಸಿ, ಮೊದಲಿನ ಹಾಗೆ ನನ್ನ ಅಂಗಿಗೆ ಮೂಗು ತಂದಳು. ಅವಳಿಗೆ ಏನೂ ಬರುವುದಿಲ್ಲ ಎಂದು ಆ ಜಾಗದಲ್ಲಿ ಗೊತ್ತಿದ್ದವರು ನಾವಿಬ್ಬರೇ. ಸರಿ, ಹೋಗು ಎಂಬಂತೆ ತಲೆಯಾಡಿಸಿದಳು.

ನಾನು ಮುಂದೆ ಹೋದೆ, ಅವಳು ಹಿಂದೆ. ಯಾರ್ಡಿನಲ್ಲಿ ನನ್ನ ಸೊಂಟದಲ್ಲಿ ಗಾಳಿ ಅಳೆಯುವ ಯಂತ್ರ ತೂಗಾಡುತ್ತಿರುತ್ತದೆ, ಇಲ್ಲಿ ಬರಿಗೈ. ಮೂಲೆ ಮೂಲೆಗೆ ಹೋಗಿ ಉಸಿರೆಳೆದೆ. ಸ್ಟ್ಯಾಂಡಿನ ಅಡಿ, ಗೋಡೆ, ಸೊಪ್ಪಿನ ಬುಟ್ಟಿ, ಮರಿಗಳ ತಟ್ಟೆ, ಒಂದನ್ನೂ ಬಿಡಲಿಲ್ಲ. ವಾಪಸು ಬಂದು ಅವಳ ಕಿವಿಯ ಹತ್ತಿರ, ಸುಣ್ಣ ಐತೆ, ಸೊಪ್ಪು ಐತೆ, ಬೇರೇನೂ ಇಲ್ಲ ಎಂದೆ.

ಅವಳು ಬುಟ್ಟಿಯಿಂದ ಎಳೆಯ ಸೊಪ್ಪನ್ನು ಒಂದು ಹಿಡಿ ತೆಗೆದುಕೊಂಡಳು. ಉದುರಿಸಲಿಲ್ಲ. ಮುಖದ ಹತ್ತಿರ ಹಿಡಿದುಕೊಂಡು ನಿಂತಳು.

"ಸೊಪ್ಪಿನ ವಾಸ್ನೆ ಎಂಗಿರ್ತದೆ ಹೇಳು ಮಗ," ಎಂದು ಮೆಲ್ಲಗೆ ಕೇಳಿದಳು. "ಮರ್ತೋಗೈತೆ."

ನಾನು ಮಾತು ಹುಡುಕಿದೆ. ಗಾಳಿಯಲ್ಲಿರುವ ಯಾವ ವಸ್ತುವಿನ ಹೆಸರನ್ನಾದರೂ ಹೇಳಬಲ್ಲೆ ಎಂದು ನನಗೆ ಹಮ್ಮಿತ್ತು. ಹಸಿರು ವಾಸನೆ ಎನ್ನಲೇ, ಹಸಿ ವಾಸನೆ ಎನ್ನಲೇ, ಯಾವುದೂ ಸಾಲಲಿಲ್ಲ. ಅವಳ ಕೈಯಲ್ಲಿದ್ದ ಸೊಪ್ಪಿಗೆ ಬಗ್ಗಿ ಮತ್ತೆ ಉಸಿರೆಳೆದಾಗ ಗೊತ್ತಾಯಿತು.

"ನಾನು ಸ್ಕೂಲಿಂದ ಬಂದಾಗ ನಿನ್ನ ಸೆರಗಲ್ಲಿ ಮುಖ ಒರಸ್ತಿದ್ಯಲ್ಲ ದೊಡ್ಡವ್ವ," ಎಂದೆ. "ಆ ಸೆರಗು ಹೆಂಗಿರ್ತಿತ್ತೋ ಹಂಗೆ."

ಅವಳು ಕಣ್ಣು ಮುಚ್ಚಿದಳು. ಅವಳ ಮೂಗಿನ ಹೊಳ್ಳೆ ಒಮ್ಮೆ ಅಗಲವಾದದ್ದು ಕಂಡಿತು. ಆಮೇಲೆ ಕಣ್ಣು ತೆರೆದು, ಬಗ್ಗಿ, ಮರಿಗಳ ಮೇಲೆ ಸೊಪ್ಪು ಉದುರಿಸಿದಳು.